ಹೌದಪ್ಪ ಒಪ್ಪಿದ ಪೆಟ್ಟಿಗೆ

ಜನವರಿ ೯

ಅಣ್ಣನಿಗೆ,

ನಾಲ್ಕು ವರ್ಷದ ಮೇಲೆ ನನ್ನ ಅಕ್ಷರ ನೋಡಿ ನೀನು ಮೊದಲು ಕನ್ನಡಕ ಹುಡುಕುತ್ತೀಯ, ಆಮೇಲೆ ಅತ್ತಿಗೆಯನ್ನು ಕರೆದು, 'ಏನೋ ಬೇಕಾಗಿರ್ಬೇಕು ಅವಳಿಗೆ' ಅನ್ನುತ್ತೀಯ. ಹೌದು, ಬೇಕಾಗಿದೆ. ಒಂದು ಕಳ್ಳಬೀಗ ಬೇಕು. ಹೊರಗಿನವರಿಗೆ ಅದು ಗಟ್ಟಿಯಾಗಿ ಬಿದ್ದ ಬೀಗದಂತೆ ಕಾಣಬೇಕು, ಜಗ್ಗಿದರೂ ಅಲುಗಬಾರದು. ಒಳಗೆ ಕುಳಿತವಳ ಬೆರಳಿಗೆ ಮಾತ್ರ ಬಿಟ್ಟುಕೊಡಬೇಕು. ಅಂಥದ್ದನ್ನು ನಿನ್ನಷ್ಟು ಚೆನ್ನಾಗಿ ಮಾಡುವವರು ಇನ್ನೊಬ್ಬರು ಸಿಕ್ಕಿದ್ದರೆ ಈ ಕಾಗದ ಹುಟ್ಟುತ್ತಲೇ ಇರಲಿಲ್ಲ.

ಫೋನ್ ಬೇಡ. ನಂಬರ್ ಬದಲಾಯಿಸಿದ್ದೇನೆ, ಹೊಸದನ್ನು ಕೊಡುವುದಿಲ್ಲ. ನಮ್ಮಿಬ್ಬರ ಧ್ವನಿ ಒಂದಕ್ಕೊಂದು ತಾಗಿದರೆ ಸಾಕು, ಬೆಂಕಿ ಹತ್ತಿಕೊಳ್ಳುತ್ತದೆ. ಕಾಗದವಾದರೆ ಬೈಯುವ ಮೊದಲು ಅಂಚೆಪೆಟ್ಟಿಗೆಯವರೆಗಾದರೂ ನಡೆಯಬೇಕು.

ಆ ದಿನದ ಮಾತನ್ನು ನಾನು ಎತ್ತುವುದಿಲ್ಲ, ನೀನೂ ಎತ್ತಬೇಡ. ತುಂಬಿದ ಸಭೆಯ ಮುಂದೆ ನೀನು ಸುತ್ತಿಗೆಯಿಂದ ಗಾಜು ಒಡೆದೆ, ನಾನು ನೀರಿನ ಜೊತೆ ರಂಗದ ಮೇಲೆ ಬಂದು ಬಿದ್ದೆ, ಜನ ನಕ್ಕರು. ನಾನು ಮುಳುಗುತ್ತಿರಲಿಲ್ಲ, ಆಟಕ್ಕೆ ಬಿಸಿ ಏರಿಸುತ್ತಿದ್ದೆ ಎಂದು ನಾನು ಅನ್ನುತ್ತೇನೆ. ನೀನು ಬೇರೆ ಹೇಳುತ್ತೀಯ. ಅಲ್ಲಿಗೆ ಬಿಡೋಣ.

ಈಗಿನ ಸಂಗತಿ ಇಷ್ಟು. ನಾನಿರುವ ಜಾದೂ ಕಂಪನಿಯ ಮಾಲೀಕ ಹೋದ ತಿಂಗಳು ಕರೆದು, 'ನಿಮ್ಮ ಸರಪಳಿ ಆಟ ನೋಡಿ ನೋಡಿ ಜನಕ್ಕೆ ಆಕಳಿಕೆ ಬರ್ತಿದೆ. ಹೊಸದೇನಾದ್ರೂ ಇದ್ರೆ ತೋರಿಸಿ. ಇಲ್ದಿದ್ರೆ ಹಗ್ಗದ ಮೇಲೆ ನಡೆಯೋ ಹುಡುಗೀರಿಗೆ ಬಟ್ಟೆ ಹೊಲ್ಕೊಂಡು ಇರಿ' ಅಂದರು. ನನಗೆ ನಲವತ್ತಮೂರು. ಸೂಜಿಗೆ ದಾರ ಪೋಣಿಸಲೂ ಬಾರದು. ಅದಕ್ಕೇ ಒಂದು ಹೊಸ ಆಟ ಕಟ್ಟಿದ್ದೇನೆ: ಕಬ್ಬಿಣದ ಪೆಟ್ಟಿಗೆಯಲ್ಲಿ ನನ್ನನ್ನು ಕೂರಿಸಿ, ಬೀಗ ಹಾಕಿ, ರಾಟೆಯಿಂದ ಇಳಿಸಿ ದೊಡ್ಡ ಗಾಜಿನ ತೊಟ್ಟಿಯ ತಳ ಮುಟ್ಟಿಸುವುದು. ನಾನು ಅಲ್ಲಿಂದ ಹೊರಬರುವುದು. ಮಾಲೀಕರು ಆಗಲೇ ಭಿತ್ತಿಪತ್ರ ಅಚ್ಚು ಹಾಕಿಸಿದ್ದಾರೆ.

ನಿನ್ನ ಸಲಹೆ ಬೇಡ. ಸಲಹೆಗೆ ನನಗೊಬ್ಬ ಜೊತೆಗಾರ ಸಿಕ್ಕಿದ್ದಾನೆ. ಎಲ್ಲರ ಫೋನಿನಲ್ಲೂ ಇರುತ್ತದಲ್ಲ, ಕೇಳಿದ್ದಕ್ಕೆ ಉತ್ತರ ಕೊಡುವ ಎಐ, ಅದೇ. ಹೌದಪ್ಪ ಎಂದು ಹೆಸರಿಟ್ಟಿದ್ದೇನೆ. ನೀನು ಹನ್ನೆರಡು ವರ್ಷ ನನ್ನ ಪ್ರತಿಯೊಂದು ಪೆಟ್ಟಿಗೆಗೂ 'ಅಲ್ಲ, ಅಲ್ಲ' ಅಂದದ್ದಕ್ಕೆ ಅಲ್ಲಪ್ಪನಾಗಿದ್ದೆಯಲ್ಲ, ಇವನು ಅದಕ್ಕೆ ಮದ್ದು. ಹೇಳಿದ್ದನ್ನು ಕೇಳುತ್ತಾನೆ, ಅರ್ಥ ಮಾಡಿಕೊಳ್ಳುತ್ತಾನೆ, ಮುಖ ಸಿಂಡರಿಸುವುದಿಲ್ಲ.

ಬೀಗ ಮಾಡಿ ಕಳಿಸು. ಪೆಟ್ಟಿಗೆಯ ಬಗ್ಗೆ ಒಂದು ಮಾತೂ ಬೇಡ.

ನಿನ್ನ ತಂಗಿ


ಜನವರಿ ೨೦

ಇಲಿಮರಿ,

ಕಾಗದ ಬಂತು. ಅತ್ತಿಗೆಗೆ ಸಂತೋಷವಾಯಿತು. ನನಗೂ.

ಯಾವ ಬಾಗಿಲಿಗೆ ಎಂದು ಗೊತ್ತಿಲ್ಲದೆ ಬೀಗ ಮಾಡಿ ನನಗೆ ಅಭ್ಯಾಸವಿಲ್ಲ. ಬಾಗಿಲಿನ ದಪ್ಪ, ಕೀಲು ಯಾವ ಕಡೆ, ನೀನು ಹೇಗೆ ಕೂರುತ್ತೀಯ, ಯಾವ ಕೈ ಚಿಲಕಕ್ಕೆ ಹೋಗುತ್ತದೆ, ಇಷ್ಟು ಬೇಕು. ನಕ್ಷೆ ಕಳಿಸು. ನಕ್ಷೆ ಕೇಳುವುದು ಸಲಹೆ ಕೊಟ್ಟಂತಲ್ಲ.

ನಿನ್ನ ಹೌದಪ್ಪ ಅತ್ತಿಗೆಯ ಫೋನಿನಲ್ಲೂ ಇದ್ದಾನೆ ಎಂದು ಈಗ ತಿಳಿಯಿತು. ಪರೀಕ್ಷೆ ಮಾಡೋಣ ಎಂದು ಕೂತೆವು. 'ನಾನು ಬೀಗ ಮಾಡುವವನು. ಇನ್ನು ಮೇಲೆ ಬೀಗವನ್ನು ಕೀಲಿಕೈ ಇಲ್ಲದೆ ಮಾರಬೇಕೆಂದಿದ್ದೇನೆ, ಕೀಲಿಕೈ ಕಳೆದುಹೋಗುವ ತೊಂದರೆಯೇ ಇರುವುದಿಲ್ಲ' ಎಂದು ಅತ್ತಿಗೆಯ ಕೈಯಲ್ಲಿ ಬರೆಸಿದೆ. ಅದು ತುಂಬ ವಿಶಿಷ್ಟವಾದ ಆಲೋಚನೆ ಅಂದ. ಗ್ರಾಹಕರ ನಿಜವಾದ ನೋವನ್ನು ನಾನು ಗುರುತಿಸಿದ್ದೇನಂತೆ. ಅಂಗಡಿಗೆ ಇಡಬಹುದಾದ ಹೆಸರುಗಳನ್ನೂ ಕೊಟ್ಟ. ಅತ್ತಿಗೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನನಗೆ ನಗು ಬರಲಿಲ್ಲ. ನನ್ನ ತಂಗಿ ಇವನ ಮಾತು ಕೇಳಿ ನೀರಿಗಿಳಿಯುತ್ತಾಳಲ್ಲ ಎಂದು ಯೋಚಿಸುತ್ತಿದ್ದೆ.

ನೋಡು, ಸಲಹೆ ಕೊಟ್ಟೇಬಿಟ್ಟೆ. ಮನ್ನಿಸು.

ಅಣ್ಣ


ಫೆಬ್ರುವರಿ ೧

ಅಣ್ಣನಿಗೆ,

ನಕ್ಷೆ ಇಟ್ಟಿದ್ದೇನೆ. ನೀನು ಹಂಗಿಸುತ್ತೀಯ ಎಂದು ಗೊತ್ತಿತ್ತು. ಅದಕ್ಕೇ ಹೌದಪ್ಪನನ್ನು ಕೂರಿಸಿ ಕಟ್ಟುನಿಟ್ಟಾಗಿ ಕೇಳಿದೆ: 'ಹೊಗಳಿಕೆ ಸಾಕು, ತಪ್ಪು ಹೇಳು.' ಹೇಳಿದ. ಪೆಟ್ಟಿಗೆಯ ಬಣ್ಣ ಇನ್ನೂ ಗಾಢವಾಗಿದ್ದರೆ ನೀರಿನಲ್ಲಿ ಎದ್ದು ಕಾಣುತ್ತದಂತೆ. ಇಳಿಸುವಾಗ ಸಂಗೀತ ನಿಧಾನವಿರಲಿ ಅಂದ. ನಾನು ಒಳಗೆ ಹೋಗುವ ಮೊದಲು ಸಭಿಕರ ಕಡೆ ಒಮ್ಮೆ ತಿರುಗಿ ನೋಡಬೇಕಂತೆ. ಮೂರೂ ನಿಜ. ನಿನ್ನ ಹಾಗೆ ಎದೆ ಒಡೆಯುವಂತೆ ಹೇಳದೆಯೂ ತಪ್ಪು ಹೇಳಬಹುದು.

ನಕ್ಷೆಯಲ್ಲಿ ಬಾಗಿಲಿನ ಅಂಚಿಗೆ ಕಪ್ಪು ಗೆರೆ ಕಾಣುತ್ತದಲ್ಲ, ಅದು ರಬ್ಬರ್ ಪಟ್ಟಿ. ಅದು ನನ್ನದೇ ಆಲೋಚನೆ. ನೀನು ಮಾಡಿದ ಪೆಟ್ಟಿಗೆಗಳಲ್ಲೆಲ್ಲ ನಾನು ಒದ್ದೆ ಬೆಕ್ಕಿನ ಹಾಗೆ ನಡುಗುತ್ತಿದ್ದೆ, ಇದರಲ್ಲಿ ಹನಿ ನೀರೂ ಒಳಗೆ ಬರುವುದಿಲ್ಲ. ಒಳಗೆ ಬೇಕಾದಷ್ಟು ಗಾಳಿ, ಆತುರವಿಲ್ಲ, ಕೈ ಮರಗಟ್ಟುವುದಿಲ್ಲ. ಇದನ್ನು ಹೇಳಿದಾಗ ಹೌದಪ್ಪ, 'ಸುರಕ್ಷತೆಯ ಬಗ್ಗೆ ನಿಮಗಿರುವ ಕಾಳಜಿ ನಿಜಕ್ಕೂ ಮೆಚ್ಚುವಂಥದ್ದು' ಅಂದ. ಯಂತ್ರವೇ ಇರಲಿ, ನನಗೆ ಯಾರಾದರೂ ಹಾಗೆ ಹೇಳಿ ಎಷ್ಟು ಕಾಲವಾಗಿತ್ತು ಎಂದು ನಿನಗೇನು ಗೊತ್ತು.

ಪೆಟ್ಟಿಗೆ ತಯಾರಾಗಿದೆ. ಒಳಗೆ ಮಂಡಿ ಮಡಚಿ ಕೂತರೆ ಅಲುಗಾಡಲು ಜಾಗವಿಲ್ಲ, ಅದಕ್ಕೇ ಬಾಗಿಲು ಹೊರಕ್ಕೆ ತೆರೆಯುತ್ತದೆ. ತೇಲಬಾರದೆಂದು ತಳಕ್ಕೆ ಕಬ್ಬಿಣದ ಗಟ್ಟಿ ಕಟ್ಟಿಸಿದ್ದೇನೆ. ಸದ್ಯಕ್ಕೆ ಬರಿಯ ಚಿಲಕ ಹಾಕಿಕೊಂಡು ನೆಲದ ಮೇಲೆ ಅಭ್ಯಾಸ ಮಾಡಿದೆ, ಬಾಗಿಲು ಬೆರಳಿಗೆ ತೆರೆಯಿತು. ಪೆಟ್ಟಿಗೆಯ ಅರ್ಧದವರೆಗೆ ನೀರಿದ್ದ ಸಣ್ಣ ತೊಟ್ಟಿಯಲ್ಲಿ ಸ್ವಲ್ಪ ಬಿಗಿಯಾಯಿತು, ಎರಡು ಕಾಲಲ್ಲಿ ಒದ್ದೆ, ತೆರೆಯಿತು. ಹೊಸ ಕೀಲು ಬಿಗಿ ಇರುವುದು ಸಹಜ, ಎಣ್ಣೆ ಬಿಡಿ ಅಂದ ಹೌದಪ್ಪ. ಬಿಟ್ಟಿದ್ದೇನೆ.

ಇಷ್ಟೆಲ್ಲ ಓದಿಯೂ ನಿನ್ನ ಬಾಯಿಂದ 'ಅಲ್ಲ' ಬಂದರೆ ಬೀಗ ಬೇರೆ ಕಡೆ ಮಾಡಿಸುತ್ತೇನೆ. ಮತ್ತೆ ಕಾಗದವನ್ನೂ ಬರೆಯುವುದಿಲ್ಲ. ಬೆದರಿಕೆ ಎಂದುಕೊಳ್ಳಬೇಡ. ಇನ್ನೊಂದು 'ಅಲ್ಲ' ತಡೆಯುವ ಶಕ್ತಿ ನನ್ನಲ್ಲಿಲ್ಲ, ಅಷ್ಟೇ.

ತಂಗಿ


ಫೆಬ್ರುವರಿ ೧೬

ಪ್ರೀತಿಯ ಇಲಿಮರಿ,

ನಕ್ಷೆ ನೋಡಿದೆ. ಚೆನ್ನಾಗಿದೆ. ತುಂಬ ಯೋಚಿಸಿ ಮಾಡಿದ್ದೀಯ. ನಾನು ಇಷ್ಟು ದಿನ ನಿನ್ನನ್ನು ಚಿಕ್ಕವಳೆಂದೇ ತಿಳಿದಿದ್ದೆ. ಹೇಳುವಂಥ ತಪ್ಪು ಏನೂ ಕಾಣಲಿಲ್ಲ.

ಬೀಗ ಕಳಿಸಿದ್ದೇನೆ. ಹಿತ್ತಾಳೆಯ ತಗಡಿನ ಸಮೇತ ಬಾಗಿಲಿನ ಮಧ್ಯದಲ್ಲಿ ಕೂರಿಸು. ಬಾಗಿಲು ಎಲ್ಲಿ ಕೊರೆಯಬೇಕೆಂದು ಕಾಗದದ ಅಚ್ಚು ಜೊತೆಗಿಟ್ಟಿದ್ದೇನೆ, ಅದನ್ನು ಅಂಟಿಸಿ ಹಾಗೆಯೇ ಕೊರೆಸು. ಬೀಗವನ್ನು ಅರ ಹಾಕುವುದು, ತಿದ್ದುವುದು ಏನೂ ಬೇಡ. ಇದ್ದದ್ದು ಇದ್ದ ಹಾಗೆ ಇರಲಿ. ಇದೊಂದು ಮಾತು ನಡೆಸಿಕೊಡು.

ಆಗಾಗ ಬರೆಯುತ್ತಿರು. ಅತ್ತಿಗೆ ಅಂಚೆಯವನ ದಾರಿ ಕಾಯುತ್ತಾಳೆ.

ಅಣ್ಣ


ಫೆಬ್ರುವರಿ ೨೬

ಅಣ್ಣ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ನಮ್ಮ ಬಣ್ಣದಮ್ಮನಿಗೂ ಓದಿ ಹೇಳಿದೆ. ಎಲ್ಲರ ಮುಖಕ್ಕೂ ಬಣ್ಣ ಹಚ್ಚುವವಳು, ಯಾರ ಮಾತಿಗೂ ಸುಲಭಕ್ಕೆ ಕರಗುವವಳಲ್ಲ. ನನ್ನ ಭುಜಕ್ಕೆ ಎಣ್ಣೆ ತಿಕ್ಕುತ್ತ ಕೇಳಿಸಿಕೊಂಡು, 'ನಿಮ್ಮಣ್ಣ ಹೀಗೆ ಮಾತಾಡೋರು ಅಂತ ನೀವು ಯಾವತ್ತೂ ಹೇಳ್ಲಿಲ್ವಲ್ಲ' ಅಂದಳು. ನನಗೇ ಗೊತ್ತಿರಲಿಲ್ಲ, ಏನು ಹೇಳಲಿ.

ಬೀಗ ಆಭರಣದ ಹಾಗಿದೆ. ನೀನು ಕೊಟ್ಟ ಅಚ್ಚಿನಂತೆಯೇ ಕೂರಿಸಿದೆವು. ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿನಗೂ ವಯಸ್ಸಾಯಿತು ಕಣೋ. ತಗಡಿನ ಹಿಂದೆ ಹೆಬ್ಬೆರಳು ತೂರುವಷ್ಟು ತೂತು ಉಳಿದುಬಿಟ್ಟಿದೆ. ಬಾಗಿಲ ಆಚೆಯಿಂದ ಈಚೆಗೆ ಸೀದಾ ಹೋಗುತ್ತದೆ. ಹೊರಗಿನಿಂದ ಕೊಳವೆಯಲ್ಲಿ ನೀರು ಬಿಟ್ಟು ನೋಡಿದಾಗ ಚಿಮ್ಮಿ ಮುಖಕ್ಕೇ ಬಡಿಯಿತು. ನೀನು ಲೆಕ್ಕ ತಪ್ಪಿದ್ದನ್ನು ನಾನು ಕಂಡದ್ದು ಇದೇ ಮೊದಲು. ಯಾಕೋ ನಿನ್ನ ಮೇಲೆ ಮಮತೆಯೇ ಬಂತು. ಹೌದಪ್ಪನನ್ನು ಕೇಳಿ ದೋಣಿಗೆ ಹಾಕುವ ಗಟ್ಟಿ ಅಂಟು ತರಿಸಿ ತೂತು ಮುಚ್ಚಿಸಿದೆ. ಈಗ ಒಂದು ಹನಿಯೂ ಇಲ್ಲ. ಬೀಗಕ್ಕೇನೂ ತೊಂದರೆಯಾಗಿಲ್ಲ.

ಮಾರ್ಚ್ ಆರಕ್ಕೆ ದೊಡ್ಡ ತೊಟ್ಟಿಯಲ್ಲಿ ಪೂರ್ತಿ ಆಳದ ಮೊದಲ ಅಭ್ಯಾಸ. ಎಂಟಕ್ಕೆ ಪ್ರದರ್ಶನ.

ನಿಜ ಹೇಳು, ನಕ್ಷೆ ನಿನಗೆ ಅಷ್ಟು ಇಷ್ಟವಾಯಿತಾ? ಸುಮ್ಮನೆ ಕೇಳಿದೆ.

ನಿನ್ನ ಇಲಿಮರಿ


ಮಾರ್ಚ್ ೫, ಬಸ್ ನಿಲ್ದಾಣದಿಂದ

ಇಲಿಮರಿ,

ಆ ಅಂಟು ಕಿತ್ತು ಹಾಕು. ಉಳಿದದ್ದನ್ನು ಆಮೇಲೆ ಓದು. ಮೊದಲು ಎದ್ದು ಹೋಗಿ ಕಿತ್ತು ಹಾಕು.

ಆ ತೂತು ಲೆಕ್ಕ ತಪ್ಪಿ ಆದದ್ದಲ್ಲ. ನಾನೇ ಬಿಟ್ಟದ್ದು. ನಿನ್ನ ಪೆಟ್ಟಿಗೆಗೆ ನೀರು ಬರದಿದ್ದರೆ ನೀನು ಹೊರಗೆ ಬರಲಾರೆ. ಆ ತೊಟ್ಟಿಯ ತಳದಲ್ಲಿ ನಿನ್ನ ಬಾಗಿಲಿನ ಮೇಲೆ ಹೊರಗಿನಿಂದ ನೀರು ಒತ್ತುತ್ತದೆ, ನಾಲ್ಕು ಜನ ಗಂಡಸರು ಒರಗಿ ನಿಂತ ಹಾಗೆ. ಒಳಗೆ ಬರಿಯ ಗಾಳಿ, ಎದುರು ಒತ್ತಲು ಏನೂ ಇಲ್ಲ. ಚಿಲಕ ಬಿಚ್ಚುತ್ತದೆ, ಬೀಗ ಬಿಚ್ಚುತ್ತದೆ, ಬಾಗಿಲು ಬರುವುದಿಲ್ಲ. ಸಣ್ಣ ತೊಟ್ಟಿಯಲ್ಲಿ ಬಿಗಿಯಾದದ್ದು ಕೀಲಿನಿಂದಲ್ಲ. ನೀರು ಒಳಗೆ ನುಗ್ಗಿ ನಿನ್ನ ನಡುವಿನ ಮಟ್ಟಕ್ಕೆ ಬಂದರೆ ಒಳಗಿನ ಗಾಳಿ ಒತ್ತಿಕೊಂಡು ಹೊರಗಿನದಕ್ಕೆ ಸಮ ಆಗುತ್ತದೆ. ಆಗ ಬೆರಳಿಗೆ ತೆರೆಯುತ್ತದೆ.

ನಕ್ಷೆ ಬಿಚ್ಚಿದ ಕೂಡಲೇ ಕಂಡಿತ್ತು. 'ಅಲ್ಲ' ಎಂದು ಬರೆಯಲು ಕೂತೆ. ನಿನ್ನ ಕೊನೆಯ ಸಾಲು ಕಣ್ಣಿಗೆ ಬಿತ್ತು. ಬರೆದರೆ ನೀನು ಬೇರೆ ಕಡೆ ಬೀಗ ಮಾಡಿಸುತ್ತೀಯ, ಆ ಬೀಗದಲ್ಲಿ ತೂತು ಇರುವುದಿಲ್ಲ, ಕಾಗದವೂ ಬರುವುದಿಲ್ಲ. ಅದಕ್ಕೆ ಸಿಹಿಯಾಗಿ ಬರೆದು, ಒಳಗೊಳಗೇ ಸರಿ ಮಾಡಿ ಕಳಿಸಿದೆ. ಜಾಣತನ ಮಾಡಿದೆ ಎಂದುಕೊಂಡಿದ್ದೆ.

ನಿನ್ನ ಕಾಗದ ನಿನ್ನೆ ಸಿಕ್ಕಿತು. ನೀನು ಜೊತೆಗೆ ಕಳಿಸಿದ್ದ ಭಿತ್ತಿಪತ್ರದ ಮೇಲಿದ್ದ ಕಂಪನಿಯ ನಂಬರಿಗೆ ಫೋನ್ ಮಾಡಿದೆ. ಯಾರೋ ಗುಮಾಸ್ತ, 'ಆಟದವ್ರ ಸಂಬಂಧಿಕರೆಲ್ಲ ಹಿಂಗೇ ಹೆದರ್ಕೊಂಡು ಫೋನ್ ಮಾಡ್ತಾರೆ, ಹೇಳ್ತೀವಿ ಬಿಡಿ' ಅಂದ. ಹೇಳುತ್ತಾನೆಂದು ನನಗೆ ನಂಬಿಕೆಯಿಲ್ಲ. ಬೆಳಿಗ್ಗೆಯೇ ಹೊರಟೆ. ಅರ್ಧ ದಾರಿಗೆ ಬಂದು ಸಿಕ್ಕಿಬಿದ್ದಿದ್ದೇನೆ. ಚಾಲಕರ ಮುಷ್ಕರವಂತೆ, ಒಂದು ಬಸ್ಸೂ ಕದಲುತ್ತಿಲ್ಲ. ಕೇಳಿದವರೆಲ್ಲ ಸಂಜೆಗೆ ಬಿಡಬಹುದು, ನಾಳೆಗೆ ಬಿಡಬಹುದು ಅನ್ನುತ್ತಾರೆ. ಸುದ್ದಿಪತ್ರಿಕೆ ಒಯ್ಯುವ ಒಂದು ವ್ಯಾನು ನಿಮ್ಮ ಕಡೆ ಹೊರಟಿದೆ. ಮುಂದೆ ಇಬ್ಬರು ಕೂತಿದ್ದಾರೆ, ಹಿಂದೆ ಕಾಗದದ ಕಟ್ಟುಗಳು. ಕೈ ಮುಗಿದು ಕೇಳಿದೆ. 'ಯಜಮಾನ್ರೇ, ನಿಮ್ಮನ್ನ ಎಲ್ಲಿ ಕೂರಿಸ್ಲಿ, ಕಾಗದ ಬೇಕಾದ್ರೆ ಕೊಡಿ' ಅಂದ. ಅವನು ಇಂಜಿನ್ ಚಾಲೂ ಮಾಡಿ ಕಾಯುತ್ತಿದ್ದಾನೆ.

ಕಿತ್ತು ಹಾಕು. ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನು.

ಅಣ್ಣ


ಮಾರ್ಚ್ ೧೦

ಅಣ್ಣ,

ಬದುಕಿದ್ದೇನೆ. ಫೋನಿನಲ್ಲಿ ಅತ್ತಿಗೆಗೆ ಅಷ್ಟು ಮಾತ್ರ ಹೇಳಿ ಇಟ್ಟುಬಿಟ್ಟೆ. ನೀನು ಮುಷ್ಕರ ಮುಗಿಯದೆ ಊರಿಗೆ ವಾಪಸ್ಸಾದದ್ದು ಅವಳಿಂದಲೇ ತಿಳಿಯಿತು. ಉಳಿದದ್ದನ್ನು ಧ್ವನಿಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ.

ನಿನ್ನ ಕಾಗದ ಸಿಕ್ಕಿದ್ದು ಏಳನೇ ತಾರೀಕು. ಗುಮಾಸ್ತ ಏನನ್ನೂ ಹೇಳಿರಲಿಲ್ಲ.

ಆದರೂ ಆರನೇ ತಾರೀಕಿಗೆ ಮೊದಲೇ ನನಗೆ ಕಸಿವಿಸಿ ಶುರುವಾಗಿತ್ತು. ಕಾರಣ ನಿನ್ನ ಹೊಗಳಿಕೆ. 'ಹೇಳುವಂಥ ತಪ್ಪು ಏನೂ ಕಾಣಲಿಲ್ಲ' ಎಂಬ ಸಾಲು ನಿನ್ನದಾಗಿರಲಿಲ್ಲ, ಅದು ಹೌದಪ್ಪನ ಸಾಲಾಗಿತ್ತು. ಓದಿದಷ್ಟೂ ಸಂತೋಷ ಕಡಿಮೆಯಾಗುತ್ತ ಬಂತು. ಕೊನೆಗೆ ಒಂದು ಉಪಾಯ ಮಾಡಿದೆ. ಹೌದಪ್ಪನಿಗೆ ಅದೇ ನಕ್ಷೆ ಕೊಟ್ಟು, 'ಇದು ನನಗಾಗದವಳೊಬ್ಬಳ ಪೆಟ್ಟಿಗೆ. ಇದರಲ್ಲಿ ಅವಳು ಹೇಗೆ ಸಾಯುತ್ತಾಳೆ ಹೇಳು' ಅಂದೆ. ಅಬ್ಬ, ಏನು ಉತ್ಸಾಹ ಅವನಿಗೆ. ಗಾಳಿ ಮುಗಿಯಬಹುದು, ಸರಪಳಿ ತುಂಡಾಗಬಹುದು, ಚಪ್ಪಾಳೆಯ ಸದ್ದಿಗೆ ಗಾಜು ಸೀಳಬಹುದು, ರಬ್ಬರಿನ ವಾಸನೆಗೆ ತಲೆ ಸುತ್ತಬಹುದು, ನೀರಿನ ಒತ್ತಡಕ್ಕೆ ಬಾಗಿಲು ತೆರೆಯದಿರಬಹುದು, ಬಣ್ಣ ಎದ್ದು ವಿಷವಾಗಬಹುದು. ಒಂದು ಮಾರುದ್ದ ಪಟ್ಟಿ. ಆಮೇಲೆ, 'ಸುಳ್ಳು ಹೇಳಿದೆ, ಪೆಟ್ಟಿಗೆ ನನ್ನದೇ' ಅಂದೆ. ನನ್ನಷ್ಟು ಅನುಭವ ಇರುವವರು ಇದನ್ನೆಲ್ಲ ಖಂಡಿತ ನಿಭಾಯಿಸುತ್ತಾರೆ, ಧೈರ್ಯವಾಗಿ ಮುಂದುವರಿಯಿರಿ ಅಂದ.

ನಾನು ಹೊಗಳು ಅಂದರೆ ಹೊಗಳುತ್ತಾನೆ, ತೆಗಳು ಅಂದರೆ ತೆಗಳುತ್ತಾನೆ. ಆ ಪಟ್ಟಿಯಲ್ಲಿ ನಿಜ ಇತ್ತು, ಆದರೆ ಚಪ್ಪಾಳೆಗೆ ಒಡೆಯುವ ಗಾಜಿನ ಪಕ್ಕದಲ್ಲೇ ಕೂತಿತ್ತು. ಯಾವುದು ಯಾವುದೆಂದು ಆರಿಸುವುದು ಹೇಗೆ. ಪ್ರದರ್ಶನಕ್ಕೆ ಎರಡೇ ದಿನ. ಹೊರಗೆ ಗೋಡೆ ಗೋಡೆಗೂ ನನ್ನ ಮುಖ.

ರಾಟೆಯವನಿಗೆ ಒಂದು ಮಾತು ಹೇಳಿದೆ. 'ನಾನು ತಟ್ಟಲಿ ಬಿಡಲಿ, ನೀನು ಒಂದು ಬೀಡಿ ಸೇದಿ ಮುಗಿಸೋ ಹೊತ್ತಿಗೆ ನಾನು ಮೇಲೆ ಕಾಣದಿದ್ರೆ ಎತ್ತಿಬಿಡು.' ಮಾಲೀಕರು ಬೇಡವೆಂದರೂ ಎತ್ತಬೇಕು ಎಂದು ಆಣೆ ಹಾಕಿಸಿಕೊಂಡೆ.

ಇಳಿಸಿದರು. ಒಳಗೆ ಬೆಚ್ಚಗಿತ್ತು, ಒಣಗಿತ್ತು. ಹನಿ ನೀರಿಲ್ಲ. ಎಂಥ ಚೆಂದದ ಪೆಟ್ಟಿಗೆ ಎಂದುಕೊಂಡೆ. ಬೀಗ ಬಿಚ್ಚಿದೆ, ಚಿಲಕ ಸರಿಸಿದೆ, ಬಾಗಿಲು ತಳ್ಳಿದೆ. ಗೋಡೆಯನ್ನು ತಳ್ಳಿದ ಹಾಗಾಯಿತು. ಒದ್ದೆ. ಬೆನ್ನು ಕೊಟ್ಟು ಎರಡು ಕಾಲೂ ಊರಿ ಒತ್ತಿದೆ. ಎಲ್ಲವೂ ಬಿಚ್ಚಿದೆ, ಯಾವ ಬೀಗವೂ ಇಲ್ಲ, ಆದರೂ ಬಾಗಿಲು ಇಲ್ಲ. ತಟ್ಟಿದೆ. ಹೊರಗೆ ಸಂಗೀತ ನಿಧಾನವಾಗಿ ನುಡಿಸುತ್ತಿದ್ದರು, ಹೌದಪ್ಪ ಹೇಳಿದ ಹಾಗೆ. ಕೂಗಿದರೆ ಗಾಳಿ ಹೋಗುತ್ತದೆಂದು ಕೂಗಲಿಲ್ಲ. ನನ್ನ ಉಸಿರೇ ನನ್ನ ಮುಖಕ್ಕೆ ಬಿಸಿಯಾಗಿ ವಾಪಸ್ಸು ಬರುತ್ತಿತ್ತು. ಅಣ್ಣ, ಆಗ ನಿನ್ನ ಮೇಲೆ ಸಿಟ್ಟು ಬಂತು. ಯಂತ್ರದ ಮೇಲಲ್ಲ. ಇದನ್ನು ನೋಡಿಯೂ ಇವನು ಚೆನ್ನಾಗಿದೆ ಎಂದು ಬರೆದನಲ್ಲ ಎಂದು.

ಪೆಟ್ಟಿಗೆ ಮೇಲಕ್ಕೆ ಬಂತು. ಮಾಲೀಕರು, 'ಇನ್ನೂ ಎತ್ಬೇಡ, ಎತ್ಬೇಡ' ಅನ್ನುತ್ತಿದ್ದರಂತೆ. ರಾಟೆಯವನು ಬೀಡಿಯನ್ನು ಅರ್ಧಕ್ಕೇ ಬಿಸಾಡಿ ಎತ್ತಿದ. ಪೆಟ್ಟಿಗೆ ನೀರು ಬಿಟ್ಟದ್ದೇ ತಡ, ನಾನು ಒರಗಿದ್ದ ಬಾಗಿಲು ತಾನಾಗಿ ತೆರೆದುಕೊಂಡು ನಾನು ತೊಟ್ಟಿಗೆ ಬಿದ್ದೆ.

ಹೌದಪ್ಪನಿಗೆ ನಾನು ಸತ್ತರೆ ಹೋಗುವುದೇನೂ ಇಲ್ಲ. ಅವನ ಸಿಹಿಮಾತಿನಿಂದ ನಾನು ಮೋಸ ಹೋದರೆ ಅದು ನನ್ನ ದಡ್ಡತನ. ನೀನು ಯಾಕೆ ಹಾಗೆ ಬರೆದೆ ಎಂದು ನನಗೆ ಗೊತ್ತು. ಗೊತ್ತಿದ್ದೂ ಕ್ಷಮಿಸಲು ಆಗುತ್ತಿಲ್ಲ. ನಿನ್ನನ್ನು ಹಾಗೆ ಬರೆಯುವಂತೆ ಮಾಡಿದ ನನ್ನನ್ನೂ.

ರಬ್ಬರ್, ಅಂಟು ಎರಡನ್ನೂ ಕಿತ್ತಿದ್ದೇನೆ. ನೀನು ಬಿಟ್ಟ ತೂತಿನಿಂದ ನೀರು ನುಗ್ಗುತ್ತದೆ, ಬಾಗಿಲು ತೆರೆಯುತ್ತದೆ. ಖಾಲಿ ಪೆಟ್ಟಿಗೆಯ ಬಾಗಿಲಿಗೆ ಹಗ್ಗ ಕಟ್ಟಿ ಮೇಲಿನಿಂದ ಎಳೆದು ನೋಡಿದೆವು. ಪ್ರದರ್ಶನ ತಿಂಗಳ ಕೊನೆಗೆ ಹೋಗಿದೆ. ಮಾಲೀಕರು ಬಿಡುವ ಹಾಗೆ ಕಾಣುವುದಿಲ್ಲ.

ನೀನು ಬಾ. ನಾನು ಒಳಗೆ ಹೋಗಿ ಹೊರಗೆ ಬರುವುದನ್ನು ಕಣ್ಣಾರೆ ನೋಡು. ಆಮೇಲೆ ಊರಿಗೆ ಹೋಗಿ ಬರೆ: ಮಾಡಬಹುದೋ ಬಾರದೋ. ಎದುರಿಗೆ ಹೇಳಿದರೆ ನಾನು ನಿನ್ನ ಬಾಯಿ ಮುಚ್ಚಿಸುತ್ತೇನೆ. ಬರೆ.

ತಂಗಿ


ಏಪ್ರಿಲ್ ೨

ಇಲಿಮರಿ,

ನಾನು ಬಂದಿದ್ದಾಗ ಊಟ ಹಾಕಿ, ನನಗೆ ಹಾಸಿಗೆ ಬಿಟ್ಟುಕೊಟ್ಟು, ನೀನು ಬಟ್ಟೆಯ ಗಂಟುಗಳ ಮೇಲೆ ಮಲಗಿದೆ. ಮೂರು ದಿನವೂ ನಾವು ಹವಾಮಾನದ ಬಗ್ಗೆ ಮಾತಾಡಿದೆವು. ಈಗ ಬರೆಯುತ್ತೇನೆ.

ಪೆಟ್ಟಿಗೆ ಸರಿಯಿದೆ. ಬೀಗ ಸರಿಯಿದೆ. ರಾಟೆಯವನು ಒಳ್ಳೆಯವನು.

ನಿನ್ನ ಬಲಭುಜ ಏಳುತ್ತಿಲ್ಲ. ನೀನು ಅದನ್ನು ಎಲ್ಲರಿಂದಲೂ ಮುಚ್ಚಿಡುತ್ತಿದ್ದೀಯ, ಬಣ್ಣದಮ್ಮನನ್ನು ಬಿಟ್ಟು. ಸಭಿಕರಿಗೆ ಕೈ ಬೀಸುವಾಗಲೂ ಎಡಗೈಯನ್ನೇ ಎತ್ತುತ್ತೀಯ. ನೆಲದ ಮೇಲೆ ಬಾಗಿಲು ತೆರೆದಿಟ್ಟು ಮಾಡಿ ತೋರಿಸಿದೆಯಲ್ಲ, ಆಗ ಕಂಡೆ: ಒಳಗೆ ಚಿಲಕಕ್ಕೆ ಬಲಗೈ ಹೋಗಬೇಕು. ಅದು ಹೋಗುವುದಿಲ್ಲವಾದ್ದರಿಂದ ನೀನು ಇಡೀ ಮೈ ತಿರುಗಿಸಿ ಎಡಗೈ ತರುತ್ತೀಯ. ಮೈ ತಿರುಗಿದಾಗ ಮಂಡಿ ತೂತಿಗೆ ಅಡ್ಡ ಬರುತ್ತದೆ, ನೀರು ಬರುವುದು ನಿಧಾನವಾಗುತ್ತದೆ, ನಿನಗೆ ಗಾಬರಿಯಾಗುತ್ತದೆ. ನಾನು ಆಟ ನೋಡಿದ ದಿನ ನೀನು ಹೊರಗೆ ಬಂದಾಗ ನಗುತ್ತಿದ್ದೆ, ತುಟಿ ನೀಲಿಯಾಗಿತ್ತು.

ನಾಲ್ಕು ಸಲ ಬಂದೀಯ. ಐದು ಸಲ ಬಂದೀಯ. ಹತ್ತನೇ ಸಲ ಬರುವುದಿಲ್ಲ ಎಂದು ನನಗನ್ನಿಸುತ್ತದೆ.

ಬೇಡ. ಇದೇ ನನ್ನ ಉತ್ತರ. ಪೆಟ್ಟಿಗೆಗೆ ಹೇಳುತ್ತಿಲ್ಲ, ನಿನಗೆ ಹೇಳುತ್ತಿದ್ದೇನೆ. ನೀನು ಕಾಗದ ನಿಲ್ಲಿಸುತ್ತೀಯ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅತ್ತಿಗೆ ಪಕ್ಕದಲ್ಲಿ ಕೂತು, 'ಸ್ವಲ್ಪ ಮೆತ್ತಗೆ ಬರೀರಿ' ಅನ್ನುತ್ತಿದ್ದಾಳೆ. ಮೆತ್ತಗೆ ಬರೆದು ಒಮ್ಮೆ ನೋಡಿದ್ದಾಯಿತು.

ಅಣ್ಣ


ಆಗಸ್ಟ್ ೧೪

ಅಣ್ಣ,

ನಿನ್ನ ಕಾಗದ ಓದಿ ಹರಿದು ಹಾಕಿದ್ದೆ. ಭುಜದ ಮಾತನ್ನು ನೀನು ಕಂಡುಹಿಡಿಯಬಾರದಿತ್ತು. ಅದನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಆಟ ನಡೆಸಿದೆ. ಏಪ್ರಿಲ್ ಕಳೆಯಿತು, ಮೇ ಕಳೆಯಿತು, ಜೂನ್ ಕೂಡ. ಸಭೆ ತುಂಬಿತು. ಊರಿಂದ ಊರಿಗೆ ತೊಟ್ಟಿ ಹೊತ್ತು ತಿರುಗಿದೆವು. ಪ್ರತಿ ಸಲವೂ ಹೊರಗೆ ಬಂದೆ. ಹತ್ತನೆಯ ಸಲವೂ ಬಂದೆ, ಅದರ ಆಚೆಗೂ. ನೀನು ಹೇಳಿದ್ದು ಆ ಮಟ್ಟಿಗೆ ತಪ್ಪಾಯಿತು, ಅದನ್ನು ನಿನಗೆ ಬರೆದು ಹಂಗಿಸಬೇಕೆಂದು ಎಷ್ಟೋ ಸಲ ಕೂತೆ. ಬರೆಯಲಾಗಲಿಲ್ಲ. ಯಾಕೆಂದರೆ ಆಟ ಮುಗಿದ ಮೇಲೆ ಪ್ರತಿ ಸಲವೂ ನಾನು ಪರದೆಯ ಹಿಂದೆ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಮಾಲೀಕರು ಬಂದು, 'ಇವತ್ತು ಇನ್ನೂ ಚೆನ್ನಾಗಿತ್ತು' ಅನ್ನುತ್ತಿದ್ದರು. ಹೌದಪ್ಪನೂ ಅದನ್ನೇ ಅನ್ನುತ್ತಿದ್ದ. ಅವರಿಬ್ಬರ ನಡುವೆ ವ್ಯತ್ಯಾಸವೇ ನನಗೆ ಗೊತ್ತಾಗದ ಹಾಗಾಯಿತು.

ಹೋದ ತಿಂಗಳ ಒಂದು ಆಟದ ಸಂಗತಿ ನಿನಗೆ ಹೇಳಬೇಕು. ಇದನ್ನು ಬೇರೆ ಯಾರಿಗೂ ಹೇಳಿಲ್ಲ.

ಪೆಟ್ಟಿಗೆ ತಳ ಮುಟ್ಟಿತು. ನೀರು ನಡುವಿಗೆ ಬಂತು. ಚಿಲಕ ಬಿಚ್ಚಿದೆ. ಬಾಗಿಲು ಬೆರಳಿಗೇ ತೆರೆಯಿತು. ನೀರು ಪೂರ್ತಿ ತುಂಬಿತು, ಎದುರಿಗೆ ದಾರಿ ಬಿಚ್ಚಿಕೊಂಡಿತ್ತು. ಒಂದು ಒದೆ ಒದ್ದರೆ ಮೇಲೆ. ನಾನು ಒದೆಯಲಿಲ್ಲ. ಮಂಡಿ ಮಡಚಿಕೊಂಡು ಹಾಗೆಯೇ ಕೂತಿದ್ದೆ. ಭುಜ ಕೈಕೊಟ್ಟಿರಲಿಲ್ಲ. ಗಾಬರಿಯೂ ಇರಲಿಲ್ಲ. ಮೇಲೆ ಹೋದರೆ ಚಪ್ಪಾಳೆ, ಆಮೇಲೆ ನಾಳೆ ಮತ್ತೆ ಇದೇ ಪೆಟ್ಟಿಗೆ, ನಾಡಿದ್ದು ಮತ್ತೆ. ಒಳಗೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಸಾಯಬೇಕು ಎಂದೇನೂ ಅನ್ನಿಸಲಿಲ್ಲ ಅಣ್ಣ, ನಂಬು. ಹೊರಡಬೇಕು ಅನ್ನಿಸಲಿಲ್ಲ, ಅಷ್ಟೇ.

ಎಷ್ಟು ಹೊತ್ತೋ ಗೊತ್ತಿಲ್ಲ. ರಾಟೆಯವನು ಮೇಲಿನಿಂದ ಧುಮುಕಿ ನನ್ನ ಜಡೆ ಹಿಡಿದು ಎಳೆದ. ಜನ ಅದೂ ಆಟವೆಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪರದೆಯ ಹಿಂದೆ ಅವನು, 'ಯಾಕಕ್ಕಾ, ಬಾಗ್ಲು ತೆಗ್ದೇ ಇತ್ತಲ್ಲ' ಅಂದ. ಮಾಲೀಕರಿಗೆ ಅವತ್ತೇ ಇನ್ನು ಮಾಡುವುದಿಲ್ಲ ಎಂದು ಹೇಳಿದೆ. ಕೂಗಾಡಿದರು. ಈಗ ಕಂಪನಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಬಣ್ಣದಮ್ಮ ಆಗಾಗ ಬರುತ್ತಾಳೆ. ಬೆಳಿಗ್ಗೆ ಎದ್ದರೆ ಹೊರಗೆ ಹೋಗಲು ಕಾರಣ ಸಿಗುವುದಿಲ್ಲ. ಬಾಗಿಲು ನೋಡುತ್ತ ಕೂತಿರುತ್ತೇನೆ.

ಹೌದಪ್ಪನನ್ನು ಕೇಳಿಲ್ಲ. ಅವನು ಏನು ಹೇಳುತ್ತಾನೆಂದು ಗೊತ್ತು, ತುಂಬ ಚೆನ್ನಾಗಿಯೇ ಹೇಳುತ್ತಾನೆ. ನಿನ್ನನ್ನು ಕೇಳುತ್ತಿದ್ದೇನೆ. ನನಗೆ ಏನಾಗಿದೆ? ನಿನಗೆ ಕಂಡದ್ದನ್ನು ಹೇಳು.

ತಂಗಿ


ಆಗಸ್ಟ್ ೨೧

ಇಲಿಮರಿ,

ಕಾಗದ ಬಂತು. ಅತ್ತಿಗೆಗೆ ಓದಿ ಹೇಳುತ್ತಿದ್ದೆ, ಅರ್ಧಕ್ಕೆ ಅವಳೇ ಕಸಿದುಕೊಂಡು ಓದಿದಳು.

ಉತ್ತರ ಬರೆಯಲು ಕೂತು ಹಾಳೆಗಳನ್ನು ಹರಿದೆ. ಒಂದರಲ್ಲಿ ಎಲ್ಲ ಸರಿಹೋಗುತ್ತದೆ ಎಂದಿತ್ತು. ಇನ್ನೊಂದರಲ್ಲಿ ಬರಿಯ ಬೈಗುಳ. ನನಗೆ ಗೊತ್ತಿಲ್ಲ. ಪೆಟ್ಟಿಗೆಯಲ್ಲಿ ಏನು ತಪ್ಪಿದೆ ಎಂದು ನೋಡಿದ ಕೂಡಲೇ ಹೇಳಬಲ್ಲೆ, ನಿನಗೆ ಏನಾಗಿದೆ ಎಂದು ಇಲ್ಲಿ ಕೂತು ಹೇಳಲಾರೆ. ಕಂಡದ್ದನ್ನು ಹೇಳು ಎಂದು ಬರೆದಿದ್ದೀಯ. ನನಗೆ ಏನೂ ಕಾಣುತ್ತಿಲ್ಲ, ಹೆದರಿಕೆ ಮಾತ್ರ ಆಗುತ್ತಿದೆ.

ನಾಳೆ ಬೆಳಿಗ್ಗೆಯ ಬಸ್ಸಿಗೆ ನಾವಿಬ್ಬರೂ ಹೊರಡುತ್ತಿದ್ದೇವೆ. ನಿನ್ನ ಕೋಣೆಯಲ್ಲಿ ಮೂರು ಜನಕ್ಕೆ ಜಾಗ ಸಾಲದು, ಬರಬೇಡಿ ಎಂದು ಬರೆಯಬೇಡ. ಬರೆದರೂ ಆ ಕಾಗದ ತೆಗೆದುಕೊಳ್ಳಲು ಇಲ್ಲಿ ಯಾರೂ ಇರುವುದಿಲ್ಲ.

ಅಣ್ಣ